ಕಲ್ಲುಕುಟಿಗರ ಮನೆಯ ಹುಡುಗ ಕಟ್ಟಿದ ಡೇರೆ

ನಮ್ಮ ಮುಸ್ಲಿಮ್ ಮನೆಗಳ ಗೋಡೆಗಳ ಮೇಲೆ ಹಿಂದೆಲ್ಲ ಮಕ್ಕಾದ ಕಾಬಾ ಮತ್ತು ಮದೀನಾದ ಹಸಿರು ಗುಂಬಜಿನ ಚಿತ್ರಗಳಷ್ಟೇ ಇರುತ್ತಿದ್ದವು. ಈಗಿನ ಕ್ಯಾಲೆಂಡರುಗಳಲ್ಲಿ ಆ ಗುಂಬಜಿನ ಮುಂದೆ ದೊಡ್ಡ ದೊಡ್ಡ ಬಿಳಿಯ ಕೊಡೆಗಳೂ ಅರಳಿ ನಿಂತಿವೆ. ಉಮ್ರಾ ಮುಗಿಸಿ ಬಂದವರು ಝಮ್‌ಝಮ್ ನೀರು, ಖರ್ಜೂರದ ಜೊತೆಗೆ ಈ ಕೊಡೆಗಳು ನಿಧಾನವಾಗಿ ಬಿಚ್ಚಿಕೊಳ್ಳುವ ದೃಶ್ಯವನ್ನೂ ಮೊಬೈಲಿನಲ್ಲಿ ತಂದು ತೋರಿಸುತ್ತಾರೆ. ನೋಡಿದ ಹಿರಿಯರು ಸುಬ್‌ಹಾನಲ್ಲಾಹ್ ಎನ್ನುತ್ತಾರೆ. ಹುಡುಗರು ಅದರೊಳಗೆ ಯಾವ ಮೋಟಾರು ಇದೆ ಎಂದು ಕೇಳುತ್ತಾರೆ. ಹುಡುಗರ ಪ್ರಶ್ನೆಯ ಜಾಡು ಹಿಡಿದು ಹಿಂದಕ್ಕೆ ಹೋದರೆ ನಾವು ಮುಟ್ಟುವುದು ಅರಬಸ್ತಾನವನ್ನಲ್ಲ. ಎರಡನೇ ಮಹಾಯುದ್ಧದ ಬಾಂಬುಗಳಿಗೆ ಪುಡಿಯಾಗಿದ್ದ ಬರ್ಲಿನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯ ಮೇಜನ್ನು ಮುಟ್ಟುತ್ತೇವೆ.

ಆತನ ಹೆಸರು ಫ್ರೈ ಒಟ್ಟೊ. ಹುಟ್ಟಿದ್ದು 1925ರಲ್ಲಿ, ಜರ್ಮನಿಯ ಕೆಮ್ನಿಟ್ಸ್ ಪಟ್ಟಣದ ಬಳಿ. ತಂದೆ, ತಾತ ಇಬ್ಬರೂ ಕಲ್ಲು ಕೆತ್ತುವವರು. ರಜೆಯ ದಿನಗಳಲ್ಲಿ ಹುಡುಗನೂ ಉಳಿ ಸುತ್ತಿಗೆ ಹಿಡಿದು ಅದೇ ಕಸುಬು ಕಲಿತ. 'ಫ್ರೈ' ಎಂದರೆ ಜರ್ಮನ್ ಭಾಷೆಯಲ್ಲಿ ಸ್ವತಂತ್ರ ಎಂದರ್ಥ. ಆ ಹೆಸರನ್ನು ಇಟ್ಟವಳು ತಾಯಿ. ಮನೆಯ ಕಸುಬು ಕಲ್ಲಿನದಾದರೂ ಹುಡುಗನ ಜೀವ ಇದ್ದದ್ದು ಗಾಳಿಯಲ್ಲಿ. ಎಂಜಿನ್ ಇಲ್ಲದೆ ತೇಲುವ ಗ್ಲೈಡರುಗಳ ಮಾದರಿಗಳನ್ನು ಕಟ್ಟುವುದು, ಅವುಗಳಲ್ಲಿ ಹಾರುವುದು ಅವನ ಹುಚ್ಚು. ತೆಳ್ಳನೆಯ ಕಡ್ಡಿಗಳ ಚೌಕಟ್ಟಿನ ಮೇಲೆ ಬಟ್ಟೆಯನ್ನು ಬಿಗಿದು ಕಟ್ಟಿದರೆ ಅದು ಮನುಷ್ಯನನ್ನು ಹೊತ್ತುಕೊಂಡು ಹೋಗಬಲ್ಲದು ಎಂಬ ಪಾಠ ಪುಸ್ತಕ ಓದುವ ಮೊದಲೇ ಅವನ ಕೈಗೆ ಬಂದಿತ್ತು.

ಯುದ್ಧ ಅವನನ್ನೂ ಬಿಡಲಿಲ್ಲ. ವಾಯುಪಡೆಗೆ ಸೇರಿ ಪೈಲಟ್ ಆದ. 1945ರಲ್ಲಿ ಸೆರೆಸಿಕ್ಕು ಫ್ರಾನ್ಸಿನ ಶಾರ್ತ್ರ್ ಬಳಿಯ ಶಿಬಿರದಲ್ಲಿ ಸುಮಾರು ಎರಡು ವರ್ಷ ಯುದ್ಧಕೈದಿಯಾಗಿದ್ದ. ಶಾರ್ತ್ರ್‌ನಲ್ಲಿ ಯುರೋಪಿನ ಅತಿ ಚೆಲುವಾದ ಕಲ್ಲಿನ ಚರ್ಚುಗಳಲ್ಲೊಂದಿದೆ. ಅದೇ ಊರಿನ ಶಿಬಿರದಲ್ಲಿ ಕಟ್ಟಡದ ಕೆಲಸ ವಹಿಸಿಕೊಂಡ ಈ ಕೈದಿಗೆ ಮಾತ್ರ ಕಲ್ಲೂ ಇರಲಿಲ್ಲ, ಕಬ್ಬಿಣವೂ ಇರಲಿಲ್ಲ. ಇದ್ದಬದ್ದ ಚೂರುಪಾರುಗಳಲ್ಲೇ ಎಷ್ಟು ಕಡಿಮೆ ಸಾಮಾನಿನಿಂದ ಎಷ್ಟು ಜನರ ತಲೆಯ ಮೇಲೆ ಸೂರು ಬರುತ್ತದೆ ಎಂದು ನೋಡಬೇಕಾಗಿತ್ತು. ಅವರು ಮುಂದೆ ಬದುಕಿನುದ್ದಕ್ಕೂ ಕೇಳಿಕೊಂಡದ್ದು ಇದೇ ಪ್ರಶ್ನೆಯನ್ನು.

1948ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದು ಶುರುವಾಯಿತು. ಆ ಬರ್ಲಿನ್ನನ್ನು ನಾವು ಕಲ್ಪಿಸಿಕೊಳ್ಳಬೇಕು. ಹಿಟ್ಲರ್ ಮತ್ತು ಅವನ ವಾಸ್ತುಶಿಲ್ಪಿ ಆಲ್ಬರ್ಟ್ ಸ್ಪೀರ್ ಅದೇ ಊರಿನಲ್ಲಿ ಸಾವಿರ ವರ್ಷ ನಿಲ್ಲುವ ಕಲ್ಲಿನ ಕಟ್ಟಡಗಳ ಕನಸು ಕಂಡಿದ್ದರು. ಆ ಸಾಮ್ರಾಜ್ಯ 12 ವರ್ಷಕ್ಕೇ ಮುಗಿದು, ಊರೆಲ್ಲ ಇಟ್ಟಿಗೆ ಕಲ್ಲುಗಳ ರಾಶಿ ಬಿದ್ದಿತ್ತು. ಹೆಂಗಸರು ಬಕೆಟುಗಳಲ್ಲಿ ಅದನ್ನು ಎತ್ತಿ ಹಾಕುತ್ತಿದ್ದರು. ಇಂಥ ಊರಿನಲ್ಲಿ ವಾಸ್ತುಶಿಲ್ಪ ಕಲಿಯುವ ಹುಡುಗನೊಬ್ಬನಿಗೆ ಭಾರದ ಮೇಲೆ, ಶಾಶ್ವತವಾದುದರ ಮೇಲೆ ಜಿಗುಪ್ಸೆ ಬಂದರೆ ಆಶ್ಚರ್ಯವೇನಿಲ್ಲ. ಒಟ್ಟೊ ಅವರ ಹಗುರ ರಚನೆಗಳ ಹುಡುಕಾಟವನ್ನು ಬರಿಯ ತಂತ್ರಜ್ಞಾನದ ಕಥೆಯಾಗಿ ಹೇಳುವವರು ಈ ಕಲ್ಲಿನ ರಾಶಿಗಳನ್ನು ಮರೆಯುತ್ತಾರೆ ಎಂಬುದು ನಮ್ಮ ಅನಿಸಿಕೆ.

1950ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನಲ್ಲಿ ಫ್ರೆಡ್ ಸೆವೆರುಡ್ ಎಂಬ ಎಂಜಿನಿಯರರ ಕಚೇರಿಯಲ್ಲಿ ಅವರು ಒಂದು ನಕ್ಷೆ ನೋಡಿದರು. ಉತ್ತರ ಕೆರೊಲಿನಾದ ರಾಲಿ ಎಂಬ ಊರಿನ ಜಾನುವಾರು ಪ್ರದರ್ಶನದ ಅಖಾಡದ ನಕ್ಷೆ ಅದು. ಎದುರುಬದುರಾಗಿ ಓರೆಯಾಗಿ ನಿಂತ ಎರಡು ಕಾಂಕ್ರೀಟ್ ಕಮಾನುಗಳು, ಅವುಗಳ ನಡುವೆ ಉಕ್ಕಿನ ಹಗ್ಗಗಳ ಬಲೆ, ಬಲೆಯ ಮೇಲೆ ಸೂರು. ಒಳಗೆ ಒಂದು ಕಂಬವೂ ಇಲ್ಲ. ಇದನ್ನು ಕಲ್ಪಿಸಿದ ಮ್ಯಾಥ್ಯೂ ನೊವಿಕಿ ಅದು ಏಳುವುದನ್ನು ನೋಡಲಿಲ್ಲ. ಚಂಡೀಗಢ ನಗರದ ಯೋಜನೆಗಾಗಿ ನಮ್ಮ ದೇಶಕ್ಕೆ ಬಂದು ಹಿಂತಿರುಗುವಾಗ, 1950ರ ಆಗಸ್ಟಿನಲ್ಲಿ, ಈಜಿಪ್ಟಿನಲ್ಲಿ ವಿಮಾನ ಬಿದ್ದು ತೀರಿಕೊಂಡರು. ಚಂಡೀಗಢದ ಕೆಲಸ ಲ ಕಾರ್ಬೂಸಿಯೇ ಅವರ ಪಾಲಿಗೆ ಹೋಯಿತು. ತೂಗುವ ಸೂರಿನ ಆಲೋಚನೆ ಮಾತ್ರ ಆ ನಕ್ಷೆಯ ಮೂಲಕ ಜರ್ಮನಿಯ ವಿದ್ಯಾರ್ಥಿಯ ತಲೆ ಹೊಕ್ಕಿತು. 1954ರಲ್ಲಿ ಒಟ್ಟೊ ಡಾಕ್ಟರೇಟಿಗಾಗಿ ಬರೆದ ಪ್ರಬಂಧದ ಹೆಸರೇ 'ತೂಗುವ ಸೂರು'.

ಇದರ ಗುಟ್ಟು ನಮ್ಮ ಶಾಮಿಯಾನದವರಿಗೆ ಹೇಳಿಕೊಡಬೇಕಾದದ್ದಲ್ಲ. ಒಂದು ತೆಳುವಾದ ಕಡ್ಡಿಯನ್ನು ನಿಲ್ಲಿಸಿ ಮೇಲಿಂದ ಒತ್ತಿದರೆ ಬಾಗಿ ಮುರಿಯುತ್ತದೆ. ಅದಕ್ಕಿಂತ ತೆಳುವಾದ ಹುರಿಯನ್ನು ಎರಡೂ ಕಡೆ ಎಳೆದರೆ ಭಾರವನ್ನು ತಡೆದುಕೊಳ್ಳುತ್ತದೆ. ಕಲ್ಲು, ಇಟ್ಟಿಗೆ ಒತ್ತಡವನ್ನು ಸಹಿಸುತ್ತವೆ, ಆದ್ದರಿಂದ ದಪ್ಪವಾಗಿರಬೇಕು. ಬಟ್ಟೆ, ಹಗ್ಗಗಳು ಎಳೆತವನ್ನು ಸಹಿಸುತ್ತವೆ, ಆದ್ದರಿಂದ ತೆಳುವಾಗಿದ್ದರೂ ಸಾಕು. ತೊಂದರೆ ಇರುವುದು ಬಟ್ಟೆಯ ಆಕಾರದಲ್ಲಿ. ಮದುವೆ ಮನೆಯ ಶಾಮಿಯಾನ ಚಪ್ಪಟೆಯಾಗಿ ಕಟ್ಟಿದ್ದರೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ. ಮಳೆ ಬಂದರೆ ನಡುವೆ ಹೊಟ್ಟೆ ಬಿಟ್ಟು ನೀರು ನಿಂತು, ಯಾರಾದರೂ ಕೋಲಿನಿಂದ ಎತ್ತಿ ಚೆಲ್ಲಬೇಕಾಗುತ್ತದೆ. ಆ ನೀರು ಸರಿಯಾಗಿ ಬೀಗರ ಮೇಲೆಯೇ ಬೀಳುತ್ತದೆ. ಬಟ್ಟೆಯನ್ನು ಕುದುರೆಯ ಜೀನಿನಂತೆ ಒಂದು ದಿಕ್ಕಿಗೆ ಮೇಲಕ್ಕೂ ಇನ್ನೊಂದು ದಿಕ್ಕಿಗೆ ಕೆಳಕ್ಕೂ ಬಾಗಿಸಿ ಬಿಗಿದರೆ ಎರಡು ಎಳೆತಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಗಾಳಿಗೆ ಅಲುಗುವುದಿಲ್ಲ, ನೀರೂ ನಿಲ್ಲುವುದಿಲ್ಲ.

ಆದರೆ ಎಷ್ಟು ಬಾಗಿಸಬೇಕು? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ಲೆಕ್ಕ ಬಿಡಿಸುವುದು ಸುಲಭವಿರಲಿಲ್ಲ. ಒಟ್ಟೊ ಸೋಪಿನ ನೀರನ್ನು ಕೇಳಿದರು. ತಂತಿಯನ್ನು ಬೇಕಾದಂತೆ ಬಗ್ಗಿಸಿ ಚೌಕಟ್ಟು ಮಾಡಿ ಸೋಪಿನ ನೀರಿನಲ್ಲಿ ಅದ್ದಿ ತೆಗೆದರೆ ಅದರ ನಡುವೆ ಒಂದು ಪೊರೆ ಹರಡಿಕೊಳ್ಳುತ್ತದೆ. ಆ ಚೌಕಟ್ಟಿಗೆ ಸಾಧ್ಯವಿರುವ ಅತಿ ಕಡಿಮೆ ವಿಸ್ತೀರ್ಣದ ಹೊದಿಕೆ ಅದು, ಅದರ ಪ್ರತಿ ಬಿಂದುವಿನಲ್ಲೂ ಎಳೆತ ಒಂದೇ ಸಮ. ಕ್ಷಣಮಾತ್ರದಲ್ಲಿ ಒಡೆದುಹೋಗುವ ಆ ಪೊರೆಯ ಫೋಟೋ ತೆಗೆದು, ಅಳೆದು, ಅದರಂತೆ ಬಟ್ಟೆ ಕತ್ತರಿಸುವುದು ಅವರ ಕ್ರಮವಾಯಿತು. ಸರಪಣಿಗಳನ್ನು ತೂಗುಬಿಟ್ಟು ಅವು ತಾವಾಗಿ ತಳೆಯುವ ಬಾಗನ್ನು ತಲೆಕೆಳಗು ಮಾಡಿ ಕಮಾನಿನ ಆಕಾರ ಪಡೆಯುವ ಪ್ರಯೋಗವೂ ಇತ್ತು. ಅದು ಅವರದೇ ಶೋಧವಲ್ಲ, ಇಂಗ್ಲೆಂಡಿನ ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಕಂಡುಕೊಂಡಿದ್ದ, ಸ್ಪೇನಿನ ಗೌಡಿ ಬಳಸಿದ್ದ ದಾರಿ. ಮಕ್ಕಳ ಆಟದ ಸಾಮಾನುಗಳಂತೆ ಕಾಣುವ ಈ ಮಾದರಿಗಳಿಂದಲೇ 1975ರಲ್ಲಿ ಮನ್‌ಹೈಮ್ ನಗರದ ಸಭಾಂಗಣ ಎದ್ದಿತು. ಐದು ಸೆಂಟಿಮೀಟರ್ ದಪ್ಪದ ಮರದ ಪಟ್ಟಿಗಳನ್ನು ಬುಟ್ಟಿಯಂತೆ ಹೆಣೆದ ಸೂರು. ಅದು ಭಾರ ತಡೆಯುತ್ತದೆಯೇ ಎಂದು ನೋಡಲು ನಗರಸಭೆಯ ಕಸದ ಡಬ್ಬಿಗಳಿಗೆ ನೀರು ತುಂಬಿ ಅದಕ್ಕೆ ನೇತುಹಾಕಿದರು. ತಡೆಯಿತು.

ಪ್ರಬಂಧದಿಂದ ಬಟ್ಟೆಗೆ ಬರಲು ಒಟ್ಟೊ ಅವರಿಗೆ ನೆರವಾದವರು ಪ್ರಾಧ್ಯಾಪಕರಲ್ಲ, ಡೇರೆ ಹೊಲಿಯುವವರು. ಕಾನ್‌ಸ್ಟಾನ್ಸ್ ಪಟ್ಟಣದ ಹಳೆಯ ಡೇರೆ ಕಂಪನಿಯ ಪೀಟರ್ ಸ್ಟ್ರೋಮೆಯರ್ ಅವರೊಂದಿಗೆ ಸೇರಿ 1955ರಲ್ಲಿ ಕಾಸೆಲ್ ನಗರದ ಉದ್ಯಾನ ಪ್ರದರ್ಶನದಲ್ಲಿ ವಾದ್ಯಗೋಷ್ಠಿಗೆಂದು ಒಂದು ಪುಟ್ಟ ಮಂಟಪ ಕಟ್ಟಿದರು. ಎರಡು ಮೂಲೆ ಎತ್ತರದಲ್ಲಿ, ಎರಡು ಮೂಲೆ ನೆಲದ ಹತ್ತಿರ, ನಡುವೆ ಹತ್ತಿಯ ಕ್ಯಾನ್ವಾಸು, ಅಷ್ಟೇ. ಅಲ್ಲಿಂದ ಮುಂದಿನದು ದೊಡ್ಡ ಹೆಸರಿನ ಕಥೆ. 1964ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹಗುರ ರಚನೆಗಳ ಸಂಸ್ಥೆ, 1967ರಲ್ಲಿ ಮಾಂಟ್ರಿಯಲ್ ಪ್ರದರ್ಶನದ ಜರ್ಮನ್ ಮಂಟಪ, 1972ರಲ್ಲಿ ಮ್ಯೂನಿಕ್ ಒಲಿಂಪಿಕ್ ಕ್ರೀಡಾಂಗಣ. ಗುಂಟರ್ ಬೇನಿಶ್ ಮತ್ತು ಸಂಗಡಿಗರು ವಿನ್ಯಾಸ ಮಾಡಿದ ಕ್ರೀಡಾಂಗಣದ ಸುಮಾರು 75,000 ಚದರ ಮೀಟರಿನ ಪಾರದರ್ಶಕ ಸೂರಿಗೆ ಒಟ್ಟೊ ಸಲಹೆಗಾರರಾಗಿದ್ದರು. 1936ರ ಹಿಟ್ಲರನ ಕಲ್ಲಿನ ಒಲಿಂಪಿಕ್ಸಿಗೆ ಜರ್ಮನಿ ಕೊಟ್ಟ ಉತ್ತರ ಎಂದು ಅದನ್ನು ಕರೆದರು. ಆದರೆ ಆ ಹಗುರವಾದ ಸೂರನ್ನು ಹಿಡಿದಿಡಲು ನೆಲದಡಿ ಭಾರೀ ಕಾಂಕ್ರೀಟ್ ಹೂಳಬೇಕಾಯಿತು, ವೆಚ್ಚ ಅಂದಾಜಿಗಿಂತ ಹಲವು ಪಟ್ಟು ಏರಿತು. ಕಣ್ಣಿಗೆ ಹಗುರವಾದದ್ದು ಖಜಾನೆಗೂ ಹಗುರವಾಗಿರುತ್ತದೆ ಎಂದೇನಿಲ್ಲ.

ಡೇರೆಯ ಬಗ್ಗೆ ಓದುವಾಗ ನಮ್ಮಂಥ ಉರ್ದು ಶಾಲೆಯಲ್ಲಿ ಕಲಿತವರಿಗೆ 'ಖೈಮಾ' ಎಂಬ ಪದ ನೆನಪಾಗದೆ ಇರುವುದಿಲ್ಲ. ಮೀರ್ ಅನೀಸರ ಮರ್ಸಿಯಾಗಳಲ್ಲಿ ಕರ್ಬಲಾದ ಖೈಮಾಗಳು ಬರಿಯ ಬಟ್ಟೆಯಲ್ಲ. ಅವೇ ಮನೆ, ಅವೇ ಮರ್ಯಾದೆ, ಅವಕ್ಕೆ ಬೆಂಕಿ ಬಿದ್ದಾಗಲೇ ಎಲ್ಲವೂ ಮುಗಿದಂತೆ. ಮೊಗಲ್ ಬಾದಶಹರ ದಂಡು ಹೊರಟರೆ ಡೇರೆಗಳದೇ ಒಂದು ಪಟ್ಟಣ ನಡೆಯುತ್ತಿತ್ತು. ಅಬುಲ್ ಫಜಲ್ ಐನ್-ಎ-ಅಕ್ಬರಿಯಲ್ಲಿ ಅದರ ವಿವರ ಕೊಟ್ಟಿದ್ದಾನೆ. ನಮ್ಮ ಟಿಪ್ಪು ಸುಲ್ತಾನರ ಹೂಬಳ್ಳಿಯ ಚೀಟಿ ಬಟ್ಟೆಯ ಡೇರೆ ಇಂದು ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನ ಮೂಲಕ ಅಲ್ಲಿಗೆ ಹೋದ ಅದನ್ನು ಆ ಮನೆತನದವರು ತೋಟದ ಔತಣಗಳಿಗೆ ಬಳಸುತ್ತಿದ್ದರಂತೆ. ಇಷ್ಟೆಲ್ಲ ಇದ್ದೂ ನಾವು ಡೇರೆಯಲ್ಲಿ ಬಾಳುವವರನ್ನು ಕೀಳಾಗಿಯೇ ನೋಡುತ್ತೇವೆ. ಬೆಂಗಳೂರಿನ ಗಾಜಿನ ಕಟ್ಟಡಗಳನ್ನು ಕಟ್ಟುವ ಕೂಲಿಗಳು ಅದರ ಪಕ್ಕದಲ್ಲೇ ನೀಲಿ ತಾಡಪಾಲಿನಡಿ ಮಲಗುತ್ತಾರೆ. ಆ ತಾಡಪಾಲಿಗೆ ಯಾವ ವಿಶ್ವವಿದ್ಯಾಲಯವೂ ಸೋಪಿನ ಪೊರೆಯ ಲೆಕ್ಕ ಹಾಕಿಕೊಟ್ಟಿಲ್ಲ.

ಬರ್ಲಿನ್ನಿನ ಆ ಪ್ರಯೋಗಗಳು ಅರಬಸ್ತಾನಕ್ಕೆ ಹೋದದ್ದು ಎರಡು ಮೂರು ದಾರಿಗಳಲ್ಲಿ. ರೋಲ್ಫ್ ಗುಟ್‌ಬ್ರೋಡ್ ಮತ್ತು ಒಟ್ಟೊ ಸೇರಿ ರೂಪಿಸಿದ ಮಕ್ಕಾದ ಸಮ್ಮೇಳನ ಭವನಕ್ಕೆ 1980ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. ಜಿದ್ದಾ ವಿಮಾನ ನಿಲ್ದಾಣದ ಹಜ್ ಟರ್ಮಿನಲ್ ಬೇರೆ ಕೈಗಳ ಕೆಲಸ. ಢಾಕಾದಲ್ಲಿ ಹುಟ್ಟಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಅದರ ಮುಖ್ಯ ರೂವಾರಿಗಳಲ್ಲೊಬ್ಬರು. ಟೆಫ್ಲಾನ್ ಬಳಿದ ಗಾಜಿನ ನಾರಿನ 210 ಡೇರೆಗಳು ಅಲ್ಲಿ ಹಾಜಿಗಳಿಗೆ ನೆರಳು ಕೊಡುತ್ತವೆ. ಗಗನಚುಂಬಿಗಳಿಗೆ ಹೆಸರಾದ ಖಾನ್ 1982ರಲ್ಲಿ ಜಿದ್ದಾದಲ್ಲೇ ಕೊನೆಯುಸಿರೆಳೆದರು.

ಮದೀನಾದ ಕೊಡೆಗಳಿಗೆ ಬೇರಾದವರು ಒಟ್ಟೊ ಅವರ ಶಿಷ್ಯ ಬೋಡೊ ರಾಶ್. ಸ್ಟುಟ್‌ಗಾರ್ಟಿನಲ್ಲಿ ಕಲಿತ ಈ ಯುವಕ 1970ರ ದಶಕದಲ್ಲಿ ಇಸ್ಲಾಂ ಸ್ವೀಕರಿಸಿ ಮಹಮೂದ್ ಎಂಬ ಹೆಸರನ್ನೂ ಸೇರಿಸಿಕೊಂಡರು. ಹಜ್ಜಿನ ದಿನಗಳಲ್ಲಿ ಮಿನಾ ಕಣಿವೆಯಲ್ಲಿ ಏಳುವ ಡೇರೆಗಳ ನಗರವನ್ನೇ ತಮ್ಮ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡರು. ಆಗ ಅಲ್ಲಿದ್ದದ್ದು ಹತ್ತಿ ಬಟ್ಟೆಯ ಡೇರೆಗಳು. 1997ರ ಏಪ್ರಿಲ್ 15ರಂದು ಆ ಡೇರೆಗಳಿಗೆ ಬೆಂಕಿ ಬಿತ್ತು. 343 ಹಾಜಿಗಳು ಸತ್ತರು, ಅವರಲ್ಲಿ ಹಲವರು ನಮ್ಮ ಉಪಖಂಡದವರು. ಅನಂತರವೇ ಬೆಂಕಿ ಹಿಡಿಯದ, ಗಾಜಿನ ನಾರಿಗೆ ಟೆಫ್ಲಾನ್ ಬಳಿದ ಡೇರೆಗಳು ಮಿನಾದಲ್ಲಿ ಸಾಲುಗಟ್ಟಿದವು. ಇಂದು ಕರ್ನಾಟಕದಿಂದ ಹೋಗುವ ಹಾಜಿಗಳು ತಂಗುವುದೂ ಅಂಥವುಗಳಲ್ಲೇ. ಡೇರೆಯ ಸೊಬಗನ್ನು ಹೊಗಳುವ ಯಾರೂ ಆ ಏಪ್ರಿಲನ್ನು ಮರೆಯಬಾರದು.

ಒಟ್ಟೊ 1971ರಲ್ಲೇ ಕೊಲೋನ್ ನಗರದಲ್ಲಿ ತೆರೆದು ಮುಚ್ಚುವ ದೊಡ್ಡ ಕೊಡೆಗಳನ್ನು ನಿಲ್ಲಿಸಿದ್ದರು. ಸಾಮಾನ್ಯ ಕೊಡೆಯಂತೆ ಅಂಚು ಕೆಳಗಿರುವುದಿಲ್ಲ. ತಲೆಕೆಳಗಾದ ಲಾಳಿಕೆಯಲ್ಲ, ನೆಟ್ಟಗೆ ಹಿಡಿದ ಲಾಳಿಕೆಯ ಆಕಾರ. ಮಳೆಯ ನೀರು ನಡುವಿನ ಕಂಬದೊಳಗಿಂದಲೇ ಇಳಿದುಹೋಗುತ್ತದೆ. ರಾಶ್ ಅದನ್ನೇ ಬೆಳೆಸಿದರು. 1992ರಲ್ಲಿ ಪ್ರವಾದಿಯವರ(ಸ) ಮಸೀದಿಯ ಎರಡು ಒಳ ಅಂಗಳಗಳಲ್ಲಿ ಆರಾರರಂತೆ 12 ಕೊಡೆಗಳು ನಿಂತವು. 2011ರ ಹೊತ್ತಿಗೆ ಹೊರಗಿನ ವಿಶಾಲ ಪ್ರಾಂಗಣದಲ್ಲಿ 250 ಕೊಡೆಗಳು, ಒಂದೊಂದೂ 25 ಮೀಟರಿಗೂ ಹೆಚ್ಚು ಅಗಲ. ಬೇಸಿಗೆಯಲ್ಲಿ ಹಗಲು ತೆರೆದು ನೆರಳು ಕೊಡುತ್ತವೆ, ರಾತ್ರಿ ಮುಚ್ಚಿಕೊಂಡರೆ ನೆಲದ ಕಾವು ಆಕಾಶಕ್ಕೆ ಹೋಗುತ್ತದೆ. ಪ್ರವಾದಿವರ್ಯರು(ಸ) ತಮ್ಮ ಕೈಯಾರೆ ಇಟ್ಟಿಗೆ ಹೊತ್ತು ಕಟ್ಟಿದ ಮೊದಲ ಮಸೀದಿಗೆ ಖರ್ಜೂರದ ಕಾಂಡಗಳೇ ಕಂಬ, ಗರಿಗಳೇ ಸೂರು ಆಗಿದ್ದವು. ಮಳೆ ಬಂದರೆ ಸೋರುತ್ತಿತ್ತು. ಕಂಬದ ತುದಿಯಲ್ಲಿ ಗರಿಗೆದರಿ ನಿಂತ ಕೊಡೆಗಳ ಸಾಲು ಆ ಖರ್ಜೂರದ ತೋಪನ್ನು ನೆನಪಿಸುತ್ತದೆ ಎಂದರೆ ಅದು ಕವಿತ್ವವಾಗದು.

ಮಕ್ಕಾದ ಚಿತ್ರ ಬೇರೆ. ಅಲ್ಲಿ ಉಸ್ಮಾನಿಯಾ ತುರ್ಕರ ಅಜ್ಯಾದ್ ಕೋಟೆಯನ್ನು 2002ರಲ್ಲಿ ಕೆಡವಿದರು, ತುರ್ಕಿ ಪ್ರತಿಭಟಿಸಿತು. ಕೋಟೆ ಇದ್ದಲ್ಲಿ ಕಾಬಾದ ನೆತ್ತಿಯ ಮೇಲೆಂಬಂತೆ 601 ಮೀಟರ್ ಎತ್ತರದ ಗಡಿಯಾರ ಗೋಪುರವೂ ಪಂಚತಾರಾ ಹೋಟೆಲುಗಳೂ ಎದ್ದು 2012ರಲ್ಲಿ ಪೂರ್ಣಗೊಂಡವು. ಆ ಗೋಪುರದ ತುದಿಯ ಗಡಿಯಾರ ಮತ್ತು ಶಿಖರದ ಭಾಗವನ್ನು ವಿನ್ಯಾಸ ಮಾಡಿದ್ದು ಬೋಡೊ ರಾಶ್ ಅವರದೇ ಸಂಸ್ಥೆ. ನೆಲಕ್ಕೆ ಭಾರವಾಗದಂತೆ ಕಟ್ಟುವುದನ್ನು ಕಲಿಸಿದ ಗುರುವಿನ ಶಿಷ್ಯ ಅಲ್ಲಿಗೆ ಹೇಗೆ ಬಂದರು ಎಂಬ ಪ್ರಶ್ನೆ ನಮ್ಮನ್ನು ಕಾಡುತ್ತದೆ. ಹಣ ಕೊಡುವವರು ಕೊಡೆಯನ್ನೂ ಕೇಳುತ್ತಾರೆ, ಗೋಪುರವನ್ನೂ ಕೇಳುತ್ತಾರೆ. ಎರಡನ್ನೂ ಲೆಕ್ಕ ತಪ್ಪದಂತೆ ಕಟ್ಟಿಕೊಡಬಲ್ಲವರು ಕೆಲವರೇ.

ಗುರುವಿನ ನಡೆ ಬೇರೆಯಾಗಿತ್ತು. ಸ್ಟುಟ್‌ಗಾರ್ಟಿನ ನೆಲದಡಿಯ ದೊಡ್ಡ ರೈಲು ನಿಲ್ದಾಣದ ವಿನ್ಯಾಸದಲ್ಲಿ 1997ರಿಂದ ಕೈಜೋಡಿಸಿದ್ದ ಒಟ್ಟೊ, ಅಲ್ಲಿನ ನೆಲ ಸುರಕ್ಷಿತವಲ್ಲ ಎನಿಸಿದಾಗ ಹೊರಬಂದು, 2010ರಲ್ಲಿ 85ನೆಯ ವಯಸ್ಸಿನಲ್ಲಿ, ಕೆಲಸ ನಿಲ್ಲಿಸಿ ಎಂದು ಬಹಿರಂಗವಾಗಿಯೇ ಹೇಳಿದರು. ಕೆಲಸ ನಿಲ್ಲಲಿಲ್ಲ. 2015ರ ಮಾರ್ಚ್ 9ರಂದು ಅವರು ತೀರಿಕೊಂಡರು. ವಾಸ್ತುಶಿಲ್ಪದ ನೊಬೆಲ್ ಎನ್ನುವ ಪ್ರಿಟ್ಜ್‌ಕರ್ ಪ್ರಶಸ್ತಿ ಅವರಿಗೆ ಸಂದದ್ದು ಜಗತ್ತಿಗೆ ತಿಳಿದದ್ದು ಮಾರನೆಯ ದಿನ. ಮಾಂಟ್ರಿಯಲ್ ಮಂಟಪಕ್ಕೆ ಮೊದಲು ಹಗ್ಗಗಳ ಬಿಗಿತ ಪರೀಕ್ಷಿಸಲೆಂದು ಎತ್ತಿದ್ದ ಡೇರೆಯನ್ನು ಅವರು ಬಿಚ್ಚಿ ಎಸೆದಿರಲಿಲ್ಲ. ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಅದನ್ನೇ ಮತ್ತೆ ಕಟ್ಟಿ, ಮೇಲೆ ಮರ ಹೊದಿಸಿ ತಮ್ಮ ಸಂಸ್ಥೆಯ ಕಟ್ಟಡ ಮಾಡಿಕೊಂಡರು. ಆ ಸೂರಿನಡಿ ಇಂದಿಗೂ ವಿದ್ಯಾರ್ಥಿಗಳು ಕೂತು ಮಾದರಿಗಳನ್ನು ಕಟ್ಟುತ್ತಾರೆ.