ಅಗ್ಗದ ಆಫೀಸ್, ಬದಲಾಗುವ ಪರದೆ: ರಿಯಾಯಿತಿ ಸಾಫ್ಟ್‌ವೇರ್‌ಗೆ ನಾವು ನಿಜವಾಗಿ ತೆರುವ ಬೆಲೆ ಎಷ್ಟು?

ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಬಗ್ಗೆ ಯಾರೂ ರಾಜಕೀಯ ಚರ್ಚೆ ಮಾಡುವುದಿಲ್ಲ. ಆದರೆ ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್, ಆರ್‌ಟಿಐ ಅರ್ಜಿ ಟೈಪ್ ಮಾಡಿಕೊಡುವ ಜೆರಾಕ್ಸ್ ಅಂಗಡಿಯವರು, ಪ್ರಾಜೆಕ್ಟ್ ರಿಪೋರ್ಟ್‌ಗೆ ಒದ್ದಾಡುವ ಬಿ.ಕಾಂ. ವಿದ್ಯಾರ್ಥಿ, ಕೋರ್ಟ್ ಪಕ್ಕದ ಟೈಪಿಸ್ಟ್ - ಇವರೆಲ್ಲರ ದಿನ ಕಳೆಯುವುದು ಈ ಮೂರು ಕಿಟಕಿಗಳ ಮುಂದೆಯೇ. ಕರ್ನಾಟಕದ ಸರ್ಕಾರಿ ನೌಕರರಿಗಂತೂ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆಂದೇ 2012ರ ನಿಯಮಗಳಿವೆ. ಅಂದರೆ ಈ ಸಾಫ್ಟ್‌ವೇರ್ ಇವತ್ತು ಪೆನ್ನು-ಕಾಗದದಷ್ಟೇ ಮೂಲಭೂತ ವಸ್ತು.

ವ್ಯತ್ಯಾಸ ಒಂದೇ. ಪೆನ್ನನ್ನು ಕೊಂಡ ಮೇಲೆ ಅದರ ಕ್ಯಾಪ್ ಎಲ್ಲಿರಬೇಕು ಎಂದು ಕಂಪನಿ ಮತ್ತೆ ಬಂದು ಬದಲಾಯಿಸುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಬದಲಾಯಿಸುತ್ತದೆ. ಹಾಗಾಗಿ "ಡಿಸ್ಕೌಂಟ್ ಎಷ್ಟು?" ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ಕೇಳಬೇಕು: ನಾಳೆ ಪರದೆ ಬದಲಾದರೆ, ಹೊಸದನ್ನು ಕಲಿಯುವ ಖರ್ಚು ಯಾರದ್ದು?

ನೀವು ಕೊಳ್ಳುವುದು ಸಾಫ್ಟ್‌ವೇರ್ ಅಲ್ಲ, ಅನುಮತಿ

ಮೊದಲು ಬುಡದ ವಿಷಯ. ಆಫೀಸ್‌ಗೆ ದುಡ್ಡು ಕೊಟ್ಟಾಗ ನಮಗೆ ಸಿಗುವುದು ಅದನ್ನು ಬಳಸುವ ಲೈಸೆನ್ಸ್ ಮಾತ್ರ. ಅದರಲ್ಲಿ ಮುಖ್ಯವಾಗಿ ನಾಲ್ಕು ಬಗೆ.

ಒಂದು, ಬಿಡಿ ಖರೀದಿ. ಒಂದು ಸಲ ದುಡ್ಡು ಕೊಟ್ಟು ಆಫೀಸ್ 2024ರಂಥ ನಿರ್ದಿಷ್ಟ ಆವೃತ್ತಿ ಕೊಳ್ಳುವುದು. ಅದು ನಿಂತು ಹೋಗುವುದಿಲ್ಲ, ಆದರೆ ಸುರಕ್ಷತಾ ಅಪ್‌ಡೇಟ್‌ಗಳಿಗೆ ಗಡುವಿದೆ. ಆಫೀಸ್ 2016 ಮತ್ತು 2019 ಎರಡಕ್ಕೂ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎರಡು, ಹೊಸ ಲ್ಯಾಪ್‌ಟಾಪ್ ಜೊತೆ ಬರುವುದು. ಇದು ಸಾಮಾನ್ಯವಾಗಿ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಮೂರು, ವಾಲ್ಯೂಮ್ ಲೈಸೆನ್ಸ್. ಕಂಪನಿ, ಕಾಲೇಜು, ಸರ್ಕಾರಿ ಇಲಾಖೆಗಳು ಸಗಟಾಗಿ ಪಡೆಯುವಂಥದ್ದು. ನಾಲ್ಕು, ಚಂದಾ. ತಿಂಗಳಿಗೋ ವರ್ಷಕ್ಕೋ ಹಣ ಕಟ್ಟುವ ಮೈಕ್ರೋಸಾಫ್ಟ್ 365. ಕಟ್ಟುವುದು ನಿಲ್ಲಿಸಿದರೆ ಕಂಪ್ಯೂಟರ್‌ನಲ್ಲಿರುವ ವರ್ಡ್‌ನಲ್ಲಿ ನಿಮ್ಮದೇ ಫೈಲನ್ನು ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದುವಂತಿಲ್ಲ.

ರಿಯಾಯಿತಿ ಯಾಕೆ ಕೊಡ್ತಾರೆ?

2007ರಲ್ಲಿ ಅಮೆರಿಕದಲ್ಲಿ ಮೈಕ್ರೋಸಾಫ್ಟ್ ವಿದ್ಯಾರ್ಥಿಗಳಿಗಾಗಿ 'ಅಲ್ಟಿಮೇಟ್ ಸ್ಟೀಲ್' ಎಂಬ ಯೋಜನೆ ತಂದಿತು. ಅಂಗಡಿಯಲ್ಲಿ 679 ಡಾಲರ್ ಇದ್ದ ಆಫೀಸ್ ಅಲ್ಟಿಮೇಟ್ 2007 ವಿದ್ಯಾರ್ಥಿಗೆ 59.95 ಡಾಲರ್. ದೊಡ್ಡ ಕಂಪನಿಗಳ ನೌಕರರಿಗೆ 'ಹೋಮ್ ಯೂಸ್ ಪ್ರೋಗ್ರಾಂ' ಇತ್ತು. ಕಚೇರಿಯಲ್ಲಿ ಬಳಸುವ ಅದೇ ಆಫೀಸ್ ಮನೆಗೆ 9.95 ಡಾಲರ್‌ಗೆ. 2019ರಲ್ಲಿ ಈ ಯೋಜನೆ ಬದಲಾಗಿ, ಒಂದೇ ಸಲದ ಖರೀದಿಯ ಜಾಗಕ್ಕೆ ಚಂದಾ ಮೇಲಿನ ರಿಯಾಯಿತಿ ಬಂತು. ಅರ್ಹ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಬ್ರೌಸರ್‌ನಲ್ಲಿ ನಡೆಯುವ ಆಫೀಸ್ ಇಂದಿಗೂ ಉಚಿತ.

ಇದು ದಾನಧರ್ಮ ಅಲ್ಲ ಅನ್ನೋದು ಗೊತ್ತಿರುವುದೇ. ಸಾಫ್ಟ್‌ವೇರ್‌ನ ಇನ್ನೊಂದು ಪ್ರತಿ ಮಾಡಲು ಕಂಪನಿಗೆ ಖರ್ಚು ಹೆಚ್ಚುಕಡಿಮೆ ಸೊನ್ನೆ. ಅದಕ್ಕೆ ಪ್ರತಿಯಾಗಿ ಸಿಗುವುದು ನಮ್ಮ ಕೈಯ ಅಭ್ಯಾಸ. ಇಪ್ಪತ್ತರ ವಯಸ್ಸಿನಲ್ಲಿ ಎಕ್ಸೆಲ್‌ಗೆ ಒಗ್ಗಿದ ಬೆರಳುಗಳು ಮೂವತ್ತೈದರಲ್ಲಿ ಕಚೇರಿಯ ಖರೀದಿ ಸಮಿತಿಯಲ್ಲಿ ಕೂತಾಗ ಬೇರೆಯದನ್ನು ಕೇಳುವುದಿಲ್ಲ. ಉದ್ಯೋಗದ ಜಾಹೀರಾತುಗಳಲ್ಲಿ 'ಸ್ಪ್ರೆಡ್‌ಶೀಟ್ ಗೊತ್ತಿರಬೇಕು' ಎಂದು ಬರೆಯುವವರು ಅಪರೂಪ. 'ಎಂಎಸ್ ಆಫೀಸ್ ಗೊತ್ತಿರಬೇಕು' ಎಂದೇ ಇರುತ್ತದೆ.

ಇನ್ನು ಆನ್‌ಲೈನ್ ಮಾರುಕಟ್ಟೆಗಳಲ್ಲಿ ಕೆಲವೇ ನೂರು ರೂಪಾಯಿಗೆ 'ಲೈಫ್‌ಟೈಮ್ ಕೀ' ಮಾರುವವರ ವಿಷಯ. ಇಂಥ ಕೀಗಳಲ್ಲಿ ಬಹಳಷ್ಟು ಯಾವುದೋ ಸಂಸ್ಥೆಯ ವಾಲ್ಯೂಮ್ ಲೈಸೆನ್ಸ್‌ನಿಂದ ಸೋರಿ ಬಂದವು. ಅಂಥ ಕೀಗೆ ಇಷ್ಟೇ ಯಂತ್ರಗಳು ಎಂಬ ಮಿತಿ ಇರುತ್ತದೆ. ದುರ್ಬಳಕೆ ಗೊತ್ತಾದರೆ ಕಂಪನಿ ಅದನ್ನು ತಡೆಹಿಡಿಯುತ್ತದೆ. ಇವತ್ತು ಆ್ಯಕ್ಟಿವೇಟ್ ಆಯಿತು ಎಂದರೆ ಅಸಲಿ ಎಂದರ್ಥ ಅಲ್ಲ. ಕಾನೂನೂ ಇದೆ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಗೊತ್ತಿದ್ದೂ ನಕಲಿ ಪ್ರತಿ ಬಳಸಿದರೆ 7 ದಿನಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಬಳಸದಿದ್ದರೆ ನ್ಯಾಯಾಲಯ ಜೈಲು ಶಿಕ್ಷೆ ಬಿಟ್ಟು ದಂಡವನ್ನಷ್ಟೇ ಹಾಕಬಹುದು. ಡಿಟಿಪಿ ಅಂಗಡಿ ಇಟ್ಟವರು 'ಲಾಭಕ್ಕಾಗಿ' ಎಂಬ ಪದವನ್ನು ಎರಡು ಸಲ ಓದಿಕೊಳ್ಳಿ.

2007: ಮೆನು ಮಾಯವಾದ ವರ್ಷ

ಪರದೆ ಬದಲಾವಣೆಯ ದೊಡ್ಡ ಪಾಠ ಸಿಕ್ಕಿದ್ದು ಆಫೀಸ್ 2007ರಲ್ಲಿ. ಅದು ಸಾಮಾನ್ಯ ಗ್ರಾಹಕರಿಗೆ ಬಂದಿದ್ದು 2007ರ ಜನವರಿ 30ರಂದು. ಫೈಲ್, ಎಡಿಟ್, ವ್ಯೂ ಎಂದು ವರ್ಷಗಟ್ಟಲೆ ಇದ್ದ ಮೆನು ಸಾಲು ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್‌ಗಳಿಂದ ಕಾಣೆಯಾಗಿ, ಆ ಜಾಗಕ್ಕೆ ಟ್ಯಾಬ್‌ಗಳ ಅಗಲವಾದ ಪಟ್ಟಿ ಬಂತು. ಅದರ ಹೆಸರೇ ರಿಬ್ಬನ್. ವಿನ್ಯಾಸದ ತಂಡ ಮುನ್ನಡೆಸಿದವರು ಜೂಲಿ ಲಾರ್ಸನ್-ಗ್ರೀನ್.

ಬದಲಾವಣೆಗೆ ಕಾರಣ ಇರಲಿಲ್ಲ ಅಂತಲ್ಲ. ಮೊದಲ ವರ್ಡ್‌ನಲ್ಲಿ ಸುಮಾರು ನೂರು ಆಜ್ಞೆಗಳಿದ್ದರೆ ವರ್ಡ್ 2003ರ ಹೊತ್ತಿಗೆ ಅವು ಸಾವಿರದೈನೂರು ದಾಟಿದ್ದವು. ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು. ಬಳಕೆದಾರರು ಹೊಸದಾಗಿ ಬೇಕೆಂದು ಕೇಳುತ್ತಿದ್ದ ಎಷ್ಟೋ ಸೌಲಭ್ಯಗಳು ಆಗಲೇ ಒಳಗೆ ಇದ್ದವು, ಕಣ್ಣಿಗೆ ಬೀಳುತ್ತಿರಲಿಲ್ಲ. ಅದಕ್ಕೂ ಮುಂಚೆ ಆಫೀಸ್ 2000ದಲ್ಲಿ ಕಡಿಮೆ ಬಳಸುವ ಆಜ್ಞೆಗಳನ್ನು ತಾನೇ ಮುಚ್ಚಿಡುವ ಮೆನು ತಂದಿದ್ದರು. ಅದು ಗೊಂದಲವನ್ನೇ ಹೆಚ್ಚಿಸಿತು.

ಹೊಸದಾಗಿ ಕಲಿಯುವವರಿಗೆ ರಿಬ್ಬನ್ ಸುಲಭವೇ. ಪೆಟ್ಟು ಬಿದ್ದದ್ದು ಹಳಬರಿಗೆ. ಹತ್ತು ವರ್ಷ ಕಣ್ಣು ಮುಚ್ಚಿ ಕ್ಲಿಕ್ ಮಾಡುತ್ತಿದ್ದವರು ಪ್ರಿಂಟ್ ಎಲ್ಲಿದೆ ಎಂದು ಹುಡುಕಬೇಕಾಯಿತು. ಫೈಲ್ ಮೆನುವಿನ ಜಾಗದಲ್ಲಿ ಹೆಸರೇ ಇಲ್ಲದ ದುಂಡನೆಯ ಬಟನ್ ಇತ್ತು. ಹಳೆಯ ಮೆನುವಿಗೆ ಮರಳುವ ಆಯ್ಕೆಯನ್ನು ಕಂಪನಿ ಕೊಡಲಿಲ್ಲ. ಹಾಗಾಗಿ ಹಳೆಯ ಮೆನುವನ್ನು ಹೊಸ ಆಫೀಸ್‌ಗೆ ಅಂಟಿಸಿಕೊಡುವ ಆ್ಯಡ್-ಇನ್‌ಗಳನ್ನು ಬೇರೆಯವರು ಮಾರತೊಡಗಿದರು! 2010ರ ಆವೃತ್ತಿಯಲ್ಲಿ ದುಂಡು ಬಟನ್ ಹೋಗಿ 'ಫೈಲ್' ಎಂಬ ಪದ ವಾಪಸ್ ಬಂತು.

ಜೊತೆಗೆ ಫೈಲ್ ನಮೂನೆಯೂ 'ಡಾಕ್'ನಿಂದ 'ಡಾಕ್ಸ್' ಆಯಿತು. ಹಳೆಯ ಆಫೀಸ್‌ನಲ್ಲಿ ಅದನ್ನು ತೆರೆಯಲು ಬೇರೆಯೇ ಪ್ಯಾಕ್ ಹಾಕಿಕೊಳ್ಳಬೇಕಿತ್ತು. ಪ್ಯಾಕ್ ಉಚಿತವಾಗಿಯೇ ಸಿಗುತ್ತಿತ್ತು, ಆದರೆ ಅದರ ಬಗ್ಗೆ ಗೊತ್ತಿರಬೇಕಲ್ಲ? ಮೇಲಿನ ಕಚೇರಿ ಹೊಸ ಆವೃತ್ತಿ ಕೊಂಡರೆ ಕೆಳಗಿನ ಕಚೇರಿಯೂ ಕೊಳ್ಳಲೇಬೇಕಾದ ಒತ್ತಡ ಹುಟ್ಟುವುದು ಹೀಗೆ.

ಈಗ ಕೇಳದೆಯೇ ಬದಲಾಗುತ್ತದೆ

2007ರಲ್ಲಿ ಒಂದು ಸ್ವಾತಂತ್ರ್ಯವಿತ್ತು. ಬೇಡ ಅಂದರೆ ಹಳೆಯ 2003ರಲ್ಲೇ ಉಳಿಯಬಹುದಿತ್ತು. ಚಂದಾ ಮಾದರಿಯಲ್ಲಿ ಅದೂ ಇಲ್ಲ. ಅಪ್‌ಡೇಟ್ ತಾನಾಗಿ ಬರುತ್ತದೆ. ಶುಕ್ರವಾರ ಇದ್ದ ಬಟನ್ ಸೋಮವಾರ ಬೇರೆಡೆ ಇರಬಹುದು.

ಬೆಲೆಯ ಕಥೆಯೂ ಹಾಗೇ. ಆಸ್ಟ್ರೇಲಿಯಾದಲ್ಲಿ ಕೋಪೈಲಟ್ ಎಂಬ ಎಐ ಸಹಾಯಕವನ್ನು ಸೇರಿಸಿ ಮೈಕ್ರೋಸಾಫ್ಟ್ 365 ಪರ್ಸನಲ್‌ನ ವಾರ್ಷಿಕ ಚಂದಾವನ್ನು 109ರಿಂದ 159 ಆಸ್ಟ್ರೇಲಿಯನ್ ಡಾಲರ್‌ಗೆ ಏರಿಸಲಾಯಿತು. ಅಲ್ಲಿನ ಗ್ರಾಹಕ ಆಯೋಗ 2025ರ ಅಕ್ಟೋಬರ್‌ನಲ್ಲಿ ನ್ಯಾಯಾಲಯಕ್ಕೆ ಹೋಯಿತು. ಆರೋಪ ಇಷ್ಟು: ಸುಮಾರು 27 ಲಕ್ಷ ಗ್ರಾಹಕರಿಗೆ 'ಹೆಚ್ಚು ಕೊಡಿ ಅಥವಾ ರದ್ದು ಮಾಡಿ' ಎಂಬ ಎರಡೇ ದಾರಿ ತೋರಿಸಲಾಯಿತು. ಎಐ ಇಲ್ಲದ, ಹಳೆಯ ಬೆಲೆಯ 'ಕ್ಲಾಸಿಕ್' ಯೋಜನೆ ಕಾಣುತ್ತಿದ್ದದ್ದು ರದ್ದು ಮಾಡಲು ಹೊರಟವರಿಗೆ ಮಾತ್ರ. ಆಮೇಲೆ ಕಂಪನಿ ಗ್ರಾಹಕರ ಕ್ಷಮೆ ಕೇಳಿ, ಹಣ ಮರಳಿ ಪಡೆಯುವ ಅವಕಾಶ ನೀಡಿತು. ನಮಗೂ ಇದರಲ್ಲಿ ಪಾಠವಿದೆ: ನವೀಕರಣದ ಮೇಲ್ ಬಂದಾಗ 'ಕ್ಯಾನ್ಸಲ್' ಒತ್ತಿ ಮುಂದೇನು ಬರುತ್ತದೆ ನೋಡಿ. ಕೊನೆಯ ಹಂತಕ್ಕೆ ಮುನ್ನ ವಾಪಸ್ ಬಂದರಾಯಿತು.

ಹೊಸ ಪರದೆಗೆ ಒಗ್ಗಿಕೊಳ್ಳುವ ಕೆಲವು ದಾರಿ

ಸದ್ಯ ಕೆಲಸ ನಡೆಯಬೇಕಲ್ಲ? ಇವಿಷ್ಟು ನೆನಪಿಟ್ಟುಕೊಳ್ಳಿ.

- ಬಟನ್‌ಗಳು ಅಲೆದಾಡುತ್ತವೆ, ಕೀಬೋರ್ಡ್ ಶಾರ್ಟ್‌ಕಟ್‌ಗಳು ಬಹುತೇಕ ಹಾಗೇ ಇರುತ್ತವೆ. ಕಂಟ್ರೋಲ್ ಜೊತೆ ಸಿ, ವಿ, ಝಡ್, ಎಸ್, ಪಿ ಎಲ್ಲ ಆವೃತ್ತಿಯಲ್ಲೂ ಒಂದೇ. 'ಸೇವ್ ಆ್ಯಸ್'ಗೆ ಎಫ್12. ಎಕ್ಸೆಲ್‌ನಲ್ಲಿ 2003ರ ಕಾಲದ ಆಲ್ಟ್, ಇ, ಎಸ್ ಒತ್ತಿದರೆ ಪೇಸ್ಟ್ ಸ್ಪೆಷಲ್ ಇವತ್ತೂ ತೆರೆಯುತ್ತದೆ.
- ಆಲ್ಟ್ ಕೀ ಒಂದನ್ನೇ ಒತ್ತಿ ಬಿಟ್ಟರೆ ಪ್ರತಿ ಟ್ಯಾಬ್ ಮೇಲೂ ಅಕ್ಷರ ಮೂಡುತ್ತದೆ. ಅದನ್ನೇ ಒತ್ತುತ್ತಾ ಹೋಗಿ, ಮೌಸ್ ಬೇಡ.
- ದಿನವೂ ಬಳಸುವ ಹತ್ತು ಆಜ್ಞೆಗಳ ಮೇಲೆ ರೈಟ್ ಕ್ಲಿಕ್ ಮಾಡಿ ಕ್ವಿಕ್ ಆಕ್ಸೆಸ್ ಟೂಲ್‌ಬಾರ್‌ಗೆ ಸೇರಿಸಿ. ಆ ಜೋಡಣೆಯನ್ನು ಫೈಲ್ ಆಗಿ ಉಳಿಸಿ ಬೇರೆ ಕಂಪ್ಯೂಟರ್‌ಗೂ ಒಯ್ಯಬಹುದು.
- ಏನೂ ಸಿಗದಿದ್ದರೆ ಆಲ್ಟ್ ಮತ್ತು ಕ್ಯೂ ಒತ್ತಿ, ಬೇಕಾದ ಆಜ್ಞೆಯ ಹೆಸರು ಟೈಪ್ ಮಾಡಿ.
- ಟೇಬಲ್, ಚಿತ್ರಗಳ ಟ್ಯಾಬ್ ಕಾಣದಿದ್ದರೆ ಗಾಬರಿ ಬೇಡ. ಅದರ ಮೇಲೆ ಕ್ಲಿಕ್ ಮಾಡಿದಾಗ ಮಾತ್ರ ಅವು ಬರುತ್ತವೆ.
- ಫೈಲ್ ಎಲ್ಲಿ ಉಳಿಯುತ್ತಿದೆ ನೋಡಿಕೊಳ್ಳಿ. ಆಪ್ಷನ್ಸ್‌ನ 'ಸೇವ್' ವಿಭಾಗದಲ್ಲಿ ಕ್ಲೌಡ್ ಬದಲು ನಿಮ್ಮ ಕಂಪ್ಯೂಟರನ್ನೇ ಆರಿಸಿಕೊಳ್ಳಬಹುದು. ಕಾಲೇಜಿನ ಖಾತೆ ಬಳಸುವವರು ಕೋರ್ಸ್ ಮುಗಿಯುವ ಮುನ್ನವೇ ಪ್ರತಿ ತೆಗೆದಿಟ್ಟುಕೊಳ್ಳಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಕನ್ನಡವಾಗಿ ಕಾಣುವುದು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ವರ್ಡ್‌ನ ಆಟೋಕರೆಕ್ಟ್ ಅದನ್ನು ಇಂಗ್ಲಿಷ್ ಎಂದೇ ತಿಳಿದು ಬದಲಾಯಿಸಿದರೆ ನಿಮ್ಮ ಕನ್ನಡದ ಅಕ್ಷರವೇ ಬೇರೆ ಆಗುತ್ತದೆ. ಅಂಥ ಫೈಲ್ ತಿದ್ದುವಾಗ ಅದನ್ನು ಆಫ್ ಮಾಡಿ. ಹೊಸದಾಗಿ ಬರೆಯುವುದೆಲ್ಲ ಯೂನಿಕೋಡ್‌ನಲ್ಲೇ ಇರಲಿ. ಸಾಫ್ಟ್‌ವೇರ್ ಬದಲಾದರೂ ಪಠ್ಯ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ.

ಪರ್ಯಾಯ ಇದೆ, ಆದರೆ ಅದೂ ಪುಕ್ಕಟೆಯಲ್ಲ

2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್ ಉಚಿತ, ಮುಕ್ತ ತಂತ್ರಾಂಶ. ಕನ್ನಡದ ಮೆನುವೂ ಇದೆ. ಒಂದು ದೊಡ್ಡ ಸೌಜನ್ಯವೂ ಇದೆ: ಹಳೆಯ ಮೆನು ಬೇಕೋ ರಿಬ್ಬನ್‌ನಂಥ ಟ್ಯಾಬ್ ಬೇಕೋ ಎಂಬ ಆಯ್ಕೆಯನ್ನು ಬಳಕೆದಾರರಿಗೇ ಬಿಟ್ಟಿದೆ. ವ್ಯೂ ಮೆನುವಿನ 'ಯೂಸರ್ ಇಂಟರ್‌ಫೇಸ್'ಗೆ ಹೋಗಿ ನೋಡಿ. ಆದರೆ ಮ್ಯಾಕ್ರೋ ತುಂಬಿದ ಎಕ್ಸೆಲ್ ಶೀಟ್, ಸಂಕೀರ್ಣ ವಿನ್ಯಾಸದ ವರ್ಡ್ ಫೈಲ್ ಅಲ್ಲಿ ಅಲುಗಾಡಬಹುದು. ಸ್ವಲ್ಪ ದಿನ ಎರಡನ್ನೂ ಇಟ್ಟುಕೊಂಡು ಬಳಸುವುದೇ ಜಾಣತನ.

ಸರ್ಕಾರಗಳ ಅನುಭವವೂ ಇದನ್ನೇ ಹೇಳುತ್ತದೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೊರಳಲು ನಿರ್ಧರಿಸಿ, 2017ರಲ್ಲಿ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿತು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30 ಸಾವಿರ ಕಂಪ್ಯೂಟರ್‌ಗಳನ್ನು ಲಿಬ್ರೆಆಫೀಸ್‌ಗೆ ಬದಲಿಸಲು ಹೊರಟಿತು. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಐಟಿ ಪಾಠ ನಡೆಯುವುದು ಮುಕ್ತ ತಂತ್ರಾಂಶದಲ್ಲೇ. ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವುದನ್ನೇ ಕೆಲಸವಾಗಿಸಿಕೊಂಡ 'ಕೈಟ್' ಎಂಬ ಸಂಸ್ಥೆಯಿದೆ. ಸಾಫ್ಟ್‌ವೇರ್ ಬದಲಿಸುವುದೆಂದರೆ ಜನರಿಗೆ ಕಲಿಸುವುದು ಎಂದು ಅವರಿಗೆ ಗೊತ್ತಿದೆ.

ಭಾರತದ ನಿಲುವೂ ಕುತೂಹಲಕಾರಿ. ಡಾಕ್ಸ್‌ನ ಹಿಂದಿರುವ ನಮೂನೆಯನ್ನು ಅಂತಾರಾಷ್ಟ್ರೀಯ ಮಾನಕವಾಗಿಸುವ ಪ್ರಸ್ತಾವಕ್ಕೆ 2007 ಮತ್ತು 2008ರಲ್ಲಿ ಭಾರತ 'ಬೇಡ' ಎಂದು ಮತ ಹಾಕಿತ್ತು. ಮಾನಕ ಅಂಗೀಕಾರವಾಯಿತು, ನಮ್ಮ ಕಚೇರಿಗಳೂ ಅದರಲ್ಲೇ ಮುಂದುವರಿದವು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ತನ್ನ ಅಧಿಕಾರಿಗಳಿಗೆ ಝೋಹೋ ಆಫೀಸ್ ಬಳಸಲು ಸೂಚಿಸಿತು. ಸ್ವದೇಶಿ ಎಂಬುದು ಸರಿ. ಆದರೆ ಝೋಹೋ ಕೂಡ ಖಾಸಗಿ ಕಂಪನಿಯೇ, ಅದರ ಪರದೆಯೂ ನಾಳೆ ಬದಲಾಗಬಹುದು. ಮಾಲೀಕ ಯಾವ ದೇಶದವನು ಎಂಬುದಕ್ಕಿಂತ ನಮ್ಮ ಫೈಲ್ ಯಾವ ಸಾಫ್ಟ್‌ವೇರ್‌ನಲ್ಲಾದರೂ ತೆರೆಯುತ್ತದಾ ಎಂಬುದು ದೊಡ್ಡ ಪ್ರಶ್ನೆ.

ದುಡ್ಡು ಕೊಡುವ ಮುನ್ನ

ಹಾಗಾಗಿ ರಿಯಾಯಿತಿ ಕಂಡಾಗ ಐದು ಪ್ರಶ್ನೆ ಕೇಳಿ. ಇದು ಒಂದೇ ಸಲದ ಖರೀದಿಯಾ, ಚಂದಾನಾ? ಎರಡನೇ ವರ್ಷದ ಬೆಲೆ ಎಷ್ಟು? ಬೆಂಬಲ ಯಾವ ದಿನಕ್ಕೆ ಮುಗಿಯುತ್ತದೆ? ಹಣ ಕಟ್ಟುವುದು ನಿಲ್ಲಿಸಿದ ದಿನ ನನ್ನ ಫೈಲ್‌ಗಳ ಗತಿ ಏನು? ಪರದೆ ಬದಲಾದರೆ ಹಳೆಯದಕ್ಕೆ ಮರಳಬಹುದಾ?

ಇಲಾಖೆಯೊಂದು ಟೆಂಡರ್ ಕರೆಯುವಾಗ ಇದಕ್ಕೆ ಆರನೆಯದೂ ಸೇರಬೇಕು: ಕಲಿಕೆಯ ಸಮಯಕ್ಕೆ ಸಂಬಳ ಯಾರು ಕೊಡುತ್ತಾರೆ? ಗುತ್ತಿಗೆಯ ಮೇಲಿರುವ ಡೇಟಾ ಎಂಟ್ರಿ ಆಪರೇಟರ್ ಹೊಸ ಪರದೆಯಲ್ಲಿ ತಡಕಾಡುವ ಹೊತ್ತು ಯಾವ ಬಿಲ್ಲಿನಲ್ಲೂ ನಮೂದಾಗುವುದಿಲ್ಲ. ಕೆಲಸ ತಡವಾಯಿತು ಎಂಬ ಬೈಗುಳ ಮಾತ್ರ ಅವರ ಲೆಕ್ಕಕ್ಕೆ ಬೀಳುತ್ತದೆ.