ಲಂಚ್ ಹೋಮಿನಲ್ಲಿ ರಾತ್ರಿಯೂಟ

ಮುಂಬಯಿಯ ಫೋರ್ಟ್ ಪ್ರದೇಶದ ಕಾವಸ್‌ಜಿ ಪಟೇಲ್ ಬೀದಿಯಲ್ಲಿರುವ 'ಮಹೇಶ್ ಲಂಚ್ ಹೋಮ್' ಹೆಸರಿನಲ್ಲಿ ಮಧ್ಯಾಹ್ನದ ಊಟವಿದೆ, ಮನೆಯೂ ಇದೆ. ಆದರೆ ಅಲ್ಲಿಗೆ ನಾಲ್ಕಾರು ಗೆಳೆಯರು ಕೂಡಿ ಬರುವುದು ರಾತ್ರಿ ಹೊತ್ತಿಗೆ. ಮೇಜಿನ ನಡುವೆ ದೊಡ್ಡದೊಂದು ಏಡಿ ಬಂದು ಕೂರುತ್ತದೆ, ಎಲ್ಲರ ಕೈಯೂ ಅದರತ್ತ ಚಾಚುತ್ತದೆ. ಹೆಸರು ಹೇಳುವುದು ಒಂದು, ನಡೆಯುವುದು ಇನ್ನೊಂದು. ಕರಾವಳಿಯವರ ಮುಂಬಯಿ ವಲಸೆಯ ಚರಿತ್ರೆಯ ಒಂದು ಅಧ್ಯಾಯ ಈ ಅಂತರದಲ್ಲಿ ಅಡಗಿದೆ.

ಮುಂಬಯಿಯ ಮೊದಲ ಹತ್ತಿಗಿರಣಿ ಸ್ಥಾಪನೆಯಾದದ್ದು 1854ರಲ್ಲಿ. ಗಿರಣಿಗಳ ಬೆನ್ನಿಗೇ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಒಂಟಿ ಗಂಡಸರ ನಗರವೊಂದು ಬೆಳೆಯಿತು. ಅವರ ಹೊಟ್ಟೆ ತುಂಬಿಸಿದ್ದು ಖಾನಾವಳಿ. ಗಿರಣಿಗಾಂವದ ಚಾಳುಗಳ ಒಂದೊಂದು ಕೋಣೆಯಲ್ಲೇ ಹೆಂಗಸರು ಹತ್ತಾರು ಮಂದಿಗೆ ಬೇಯಿಸಿ ಹಾಕುತ್ತಿದ್ದರು, ತಿಂಗಳಿಗೊಮ್ಮೆ ಲೆಕ್ಕ. ಸಾಲದಲ್ಲಿ ಮುಳುಗಿದ್ದ ಈ ಹೆಂಗಸರನ್ನು ಸಂಘಟಿಸಿ ಪ್ರೇಮಾ ಪುರವ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ಅಷ್ಟರಲ್ಲಿ ಖಾನಾವಳಿಗೆ ನೂರಕ್ಕೂ ಹೆಚ್ಚು ವರ್ಷದ ವಯಸ್ಸಾಗಿತ್ತು.

ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಆಡಳಿತದ ಲೆಕ್ಕದಲ್ಲಿ ಮದರಾಸಿಗೆ ಸೇರಿತ್ತು. ಆದರೆ ಹೊಟ್ಟೆಪಾಡಿಗೆ ಊರು ಬಿಟ್ಟ ಅಲ್ಲಿನ ಹುಡುಗರನ್ನು ಸೆಳೆದ ನಗರ ಮುಂಬಯಿ. ಹಡಗು ಹತ್ತಿ ಬಂದವರು ಹೋಟೆಲುಗಳಲ್ಲಿ ತಟ್ಟೆ ತೊಳೆದರು, ಮಾಣಿಗಳಾದರು, ಕೆಲವರು ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಇಲ್ಲಿ ಹುಟ್ಟಿತ್ತೆಂದರೆ ವಲಸೆ ಎಷ್ಟು ಹಳೆಯದೆಂದು ಊಹಿಸಬಹುದು.

ಆದರೆ ಹೊರಗಿನವರಿಗೆ ಈ ಜನರ ಊಟವೆಂದರೆ ಉಡುಪಿ ಹೋಟೆಲಿನ ಇಡ್ಲಿ ದೋಸೆ. ಮಾಟುಂಗಾದಲ್ಲಿ 1942ರಲ್ಲಿ ಆರಂಭವಾದ ಎ. ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆ ಊಟ ಈ ಕೀರ್ತಿಯ ಶಿಖರ. ಆ ಕೀರ್ತಿಯ ನೆರಳಿನಲ್ಲಿ ಒಂದು ಸತ್ಯ ಮಸುಕಾಯಿತು: ಕರಾವಳಿಯ ಬಹುತೇಕ ಮನೆಗಳಲ್ಲಿ ಮೀನಿನ ಸಾರಿಲ್ಲದ ಊಟ ಊಟವೇ ಅಲ್ಲ. ಈ ಹಸಿವಿಗೆ ಫೋರ್ಟ್‌ನ ಒಳಬೀದಿಗಳ 'ಲಂಚ್ ಹೋಮ್'ಗಳು ಉತ್ತರ ಕೊಟ್ಟವು. ಅನ್ನ, ತೆಂಗಿನಕಾಯಿ ಅರೆದ ಸಾರು, ಹುರಿದ ಒಂದು ಬಂಗುಡೆ. ಕಚೇರಿಯ ಬಿಡುವಿನಲ್ಲಿ ಬಂದು ಬೇಗ ಉಂಡು ಏಳಬೇಕು. ಕುರ್ಚಿಯ ಹಿಂದೆ ಇನ್ನೊಬ್ಬ ಕಾದಿರುತ್ತಾನೆ. ಅಲ್ಲಿ ಹಂಚಿಕೊಳ್ಳುತ್ತಿದ್ದುದು ಮೇಜನ್ನು, ಊಟವನ್ನಲ್ಲ.

ಮೇಜು ಹಂಚಿಕೊಳ್ಳುವುದೂ ಸಣ್ಣ ಸಂಗತಿಯಾಗಿರಲಿಲ್ಲ. ಊರಿನ ಔತಣಗಳಲ್ಲಿ ಪಂಕ್ತಿ ಬೇರೆ ಬೇರೆ. ಮೀನು ತಿನ್ನುವ ಜಾತಿಗಳು ಹಲವಾದರೂ ಅವು ಒಂದೇ ಸಾಲಿನಲ್ಲಿ ಕೂರುತ್ತಿದ್ದವೆಂದಲ್ಲ. ಅಂಥ ಊರುಗಳಿಂದ ಬಂದ ಮೊಗವೀರ, ಬಿಲ್ಲವ, ಬಂಟ ಹುಡುಗರನ್ನು ಮುಂಬಯಿಯ ಅವಸರ ಒಂದೇ ಬೆಂಚಿನ ಮೇಲೆ ಕೂರಿಸಿತು. ಸುಧಾರಣೆಯ ಭಾಷಣದಿಂದ ಆಗದ್ದು ಕುರ್ಚಿಯ ಅಭಾವದಿಂದ ಆಯಿತು! ಇದನ್ನು ಕ್ರಾಂತಿಯೆಂದು ಹಾಡಿ ಹೊಗಳಬೇಕಾಗಿಲ್ಲ. ಮೇಜಿಗೆ ಕೂತವನ ಜಾತಿ ಕೇಳದ ಹೋಟೆಲು ಒಲೆಯ ಮುಂದೆ ನಿಂತವನ ಜಾತಿ ಕೇಳುವುದನ್ನೂ ಬಿಟ್ಟಿತ್ತೆಂದು ಹೇಳಲಾಗದು.

ಇನ್ನೊಂದು ಗೋಡೆ ಇದಕ್ಕಿಂತ ಗಟ್ಟಿ. ಅದು ಎಂಜಲಿನದು. ನಮ್ಮ ಊಟದ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಎಲೆ. ಆ ಎಲೆಯ ಗಡಿ ಅವರವರಿಗೆ. ಬಡಿಸುವವನು ಸೌಟನ್ನು ಎಲೆಗೆ ತಗುಲಿಸುವುದಿಲ್ಲ. ಉಣ್ಣುತ್ತಿರುವ ಕೈಯಿಂದ ಬಡಿಸುವ ಪಾತ್ರೆ ಮುಟ್ಟುವುದಂತೂ ದೂರವೇ ಉಳಿಯಿತು. ನಡುವೆ ಒಂದೇ ಪಾತ್ರೆ ಇಟ್ಟುಕೊಂಡು ಸುತ್ತಲೂ ಕೂತವರು ತೆಗೆದುಕೊಂಡು ತಿನ್ನುವುದು ಈ ಶಿಸ್ತಿಗೆ ನೇರ ವಿರುದ್ಧ. ಅನ್ನ ಸಾರಿಗಾದರೆ ಚಮಚ ಹಾಕಿ ಮಾನ ಉಳಿಸಿಕೊಳ್ಳಬಹುದು. ಏಡಿಯ ಮುಂದೆ ಚಮಚ ನಿರುಪಯೋಗಿ. ಚಿಪ್ಪು ಒಡೆಯಬೇಕು, ಕಾಲು ಚೀಪಬೇಕು, ಅದೇ ಕೈಯಲ್ಲಿ ಮತ್ತೊಂದು ತುಂಡು ಎತ್ತಬೇಕು. ಎದುರಿನವನು ಏನೆಂದುಕೊಂಡಾನು ಎಂಬ ಅಳುಕಿದ್ದವನು ಏಡಿ ತಿನ್ನಲಾರ.

ಕರ್ಕೇರ ಮನೆತನದವರು ಮಹೇಶ್ ಲಂಚ್ ಹೋಮನ್ನು ಚಿಕ್ಕದಾಗಿ ಆರಂಭಿಸಿದ್ದು 1973ರಲ್ಲಿ. ಹತ್ತು ವರ್ಷ ಕಳೆಯುವುದರೊಳಗೆ ನಗರವೇ ಬದಲಾಗತೊಡಗಿತು. ದತ್ತಾ ಸಾಮಂತರ ನೇತೃತ್ವದಲ್ಲಿ 1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರದ ನಂತರ ಗಿರಣಿಗಳು ಚೇತರಿಸಿಕೊಳ್ಳಲಿಲ್ಲ. ಖಾನಾವಳಿಯ ಗಿರಾಕಿ ಕರಗಿದ. ಫೋರ್ಟ್‌ನಲ್ಲಾದರೋ ದಲಾಲ್ ಸ್ಟ್ರೀಟ್, ಬ್ಯಾಂಕುಗಳು, ವಕೀಲರು. ಇವರ ಕೈಯಲ್ಲಿ ದುಡ್ಡೂ ಇತ್ತು, ಸಂಜೆಯೂ ಇತ್ತು. ಇವರಿಗಾಗಿ ಲಂಚ್ ಹೋಮಿಗೆ ಹವಾನಿಯಂತ್ರಣ ಬಂತು, ಮೀನಿನ ಜೊತೆಗೆ ಬೆಣ್ಣೆ-ಕಾಳುಮೆಣಸು-ಬೆಳ್ಳುಳ್ಳಿಯ ಏಡಿ ಬಂತು. ಕಾಲಾ ಘೋಡಾದ 'ತೃಷ್ಣಾ' ಈ ಖಾದ್ಯದಿಂದಲೇ ದೇಶವಿದೇಶಗಳಲ್ಲಿ ಹೆಸರಾಯಿತು. ಕರಾವಳಿಯ ಯಾವ ಅಜ್ಜಿಯೂ ಇದನ್ನು ಮಾಡಿದ್ದಿಲ್ಲ. ಅಲ್ಲಿ ಏಡಿಗೆ ಬೀಳುವುದು ಕಾಯಿ ಮಸಾಲೆ. ಆದರೂ ಇಂದು 'ಮಂಗಳೂರು ಊಟ' ಎಂದ ಕೂಡಲೇ ಮುಂಬಯಿಯವನ ನಾಲಗೆಗೆ ನೆನಪಾಗುವುದು ಈ ಬೆಣ್ಣೆಯೇ.

ಮಾಣಿ ಜೀವಂತ ಏಡಿಯನ್ನು ಮೇಜಿನ ಬಳಿ ತಂದು ತೋರಿಸುತ್ತಾನೆ. ಬೆಲೆ ಗಾತ್ರದ ಮೇಲೆ. ಒಬ್ಬನೇ ತಿಂದರೆ ಹೊಟ್ಟೆಗೂ ಭಾರ, ಜೇಬಿಗೂ ಭಾರ. ಹಾಗಾಗಿ ಗೆಳೆಯರು ಬೇಕು. ಸ್ನೇಹಕ್ಕೆ ಇಂಥ ಆರ್ಥಿಕ ಕಾರಣವೂ ಇದ್ದರೆ ತಪ್ಪೇನಿಲ್ಲ.

ಇದೇ ವರ್ಷಗಳಲ್ಲಿ ಊರಿನ ಕಡಲತೀರದಲ್ಲಿ ಬೇರೊಂದು ಹಂಚಿಕೆ ಮುಗಿಯುತ್ತಿತ್ತು. ರಂಪಣಿ ಬಲೆಯನ್ನು ಹತ್ತಾರು ಮಂದಿ ದಡದಿಂದ ಎಳೆದು, ಸಿಕ್ಕ ಬಂಗುಡೆ ಬೂತಾಯಿಗಳನ್ನು ಪಾಲು ಮಾಡಿಕೊಳ್ಳುತ್ತಿದ್ದರು. 1970ರ ದಶಕದ ನಡುವೆ ಯಾಂತ್ರಿಕ ಪರ್ಸೀನ್ ದೋಣಿಗಳು ಬಂದವು. ದಡಕ್ಕೆ ಬರುವ ಮೊದಲೇ ಅವು ಮೀನಿನ ಹಿಂಡನ್ನು ಬಾಚಿಕೊಂಡವು, ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಬಲೆ ಎಳೆಯುವ ಕೆಲಸ ಹೋದ ಮೇಲೆ ಮನೆಮಕ್ಕಳಿಗೆ ಮುಂಬಯಿಯ ದಾರಿ ಇನ್ನಷ್ಟು ಹತ್ತಿರವಾಯಿತು.

ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಈ ಹೋಟೆಲುಗಳಲ್ಲಿ ತಾಜಾ ಕಾಣೆ, ಅಂಜಲ್ ಸಿಗುವುದು ಕಷ್ಟ. ತಿಳಿದ ಗಿರಾಕಿ ಪಟ್ಟಿ ನೋಡುವುದಿಲ್ಲ, ಇವತ್ತು ಏನು ಬಂದಿದೆ ಎಂದು ಕೇಳುತ್ತಾನೆ. ಬಹಳಷ್ಟು ಕಚೇರಿಗಳು ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಹೊರಟುಹೋದ ಮೇಲೂ ಫೋರ್ಟ್‌ನ ಗಲ್ಲಿಗಳಲ್ಲಿ ಕೆಲವು ಸಣ್ಣ ಊಟದ ಮನೆಗಳು ಉಳಿದಿವೆ. ಅಲ್ಲಿ ಏಡಿಯ ಮೆರವಣಿಗೆ ಇಲ್ಲ. ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಅಪರಿಚಿತನೊಬ್ಬನ ಎದುರು ಕುರ್ಚಿ ಸಿಗುತ್ತದೆ, ತಟ್ಟೆಯಲ್ಲಿ ಹುರಿದ ಬಂಗುಡೆ ಒಂದೇ ಇರುತ್ತದೆ.