ಹದಿನಾರು ಮೂಲಿ ಕಣ

ಮಗಳ ಬಾಣಂತನಕ್ಕಂತ ಅಮೆರಿಕಾದ ವರ್ಜೀನಿಯಾಕ್ಕ ಹೋಗಿದ್ದೆ. ಕೂಸಿಗೆ ಮೂರು ತಿಂಗಳಾದ ಮ್ಯಾಲೆ ಅಳಿಯಂದ್ರು "ಅತ್ತಿ, ಒಂದಿನ ಹೊರಗ ಅಡ್ಡಾಡಿ ಬರೋಣ ಬರ್ರಿ" ಅಂತ ಮೌಂಟ್ ವರ್ನನ್‌ಗೆ ಕರಕೊಂಡು ಹೋದ್ರು. ಅದು ಅಲ್ಲಿನ ಮೊದಲನೇ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಮನಿ, ಹೊಲ. ಎಲ್ಲಾರೂ ದೊಡ್ಡ ಮನಿ ನೋಡ್ಲಿಕ್ಕೆ ಪಾಳಿ ಹಚ್ಚಿದ್ರು. ನನಗ ಕಣ್ಣಿಗೆ ಬಿದ್ದದ್ದು ನದಿ ಕಡೆ ಇರೋ ಒಂದು ದುಂಡನ ಕಟ್ಟಡ. ಖರೇ ಎಣಿಸಿದ್ರ ದುಂಡಗಲ್ಲ, ಹದಿನಾರು ಮೂಲಿ.

ಒಳಗ ಹೋದ ಮ್ಯಾಲೆ ಗೊತ್ತಾತು, ಅದು ಕಣ! ನಮ್ಮ ಕಡೆ ಮೇಟಿ ಸುತ್ತ ಎತ್ತು ಕಟ್ಟಿ ಹಂತಿ ತುಳಸ್ತಿದ್ರಲಾ, ಹಂಗ ಇಲ್ಲಿ ಕುದುರಿ ಗೋಧಿ ತುಳೀತಿದ್ವು. ಆದ್ರ ನೆಲದ ಮ್ಯಾಲೆ ಅಲ್ಲ, ಅಟ್ಟದ ಮ್ಯಾಲೆ. ಕುದುರಿ ಹತ್ತಲಿಕ್ಕೆ ಮಣ್ಣಿನ ಇಳಿಜಾರು ದಾರಿ. ಹಲಗಿ ಹಲಗಿ ನಡುವ ಒಂದೂವರಿ ಇಂಚಿನ ಸಂದು. ಹುಲ್ಲು ಮ್ಯಾಲೇ ಉಳೀತದ, ಕಾಳು ಸಂದಿನಾಗ ಜಾರಿ ಕೆಳಗಿನ ಕಣಜಕ್ಕ ಬೀಳ್ತದ. ಮಳಿ ಬಂದ್ರೂ ಚಿಂತಿಲ್ಲ, ಕೀಲಿ ಹಾಕಿದ್ರ ಕಳವಿನ ಅಂಜಿಕಿ ಇಲ್ಲ.

ಮೊದಲು ಅವರು ತಂಬಾಕು ಬೆಳೀತಿದ್ರು. ಭೂಮಿ ಸಾರ ಕಳಕೊಂಡಿತು ಅಂತ 1760ರ ದಶಕದಾಗ ಗೋಧಿಗೆ ಬಂದ್ರು. 1792ರಾಗ ಈ ಕಣದ ನಕ್ಷಿ ತಾವೇ ಬರದ್ರು. ನಾವು ಲಗ್ನಕ್ಕ ಹೋಳಿಗಿ ಲೆಕ್ಕ ಹಾಕಿದಂಗ ಕೆಳಗಿನ ಗ್ವಾಡಿಗೆ 30,820 ಇಟ್ಟಂಗಿ ಅಂತ ಲೆಕ್ಕ ಹಾಕಿದ್ರು! ಆ ಮೂಲ ಕಟ್ಟಡ ಈಗಿಲ್ಲ. ಅವರ ನಕ್ಷಿ, ಹಳೇ ಫೋಟೋ ನೋಡಿ 1996ರಾಗ ಮತ್ತ ಕಟ್ಯಾರ.

ಇಷ್ಟು ಕೇಳಿ ಖುಷಿಯಾಗಿತ್ತು. ಆದ್ರ ಕಟ್ಟಿದವ್ರು ಯಾರು? ಅಧ್ಯಕ್ಷರು ಫಿಲಡೆಲ್ಫಿಯಾದಾಗ ಕೂತು ಪತ್ರ ಬರೀತಿದ್ರು. ಮರ ಕೊಯ್ದು ಹಲಗಿ ಬಡದವ್ರು ಗುಲಾಮರು. 1799ರಾಗ ಆ ಹೊಲಮನಿಯೊಳಗ 317 ಮಂದಿ ಗುಲಾಮರಿದ್ರು. ಬೆವರು ಅವರದು, ಕೀಲಿ ಮಾತ್ರ ಇವರ ಕೈಯಾಗ. ಆ ವರ್ಷ ವಾಷಿಂಗ್ಟನ್ನರು ಮಾಡಿದ ಪಟ್ಟಿಯೊಳಗ ಅವರ ಹೆಸರವ. ಗಂಡ ಯಾವ ಹೊಲದಾಗ, ಹೆಂಡತಿ ಯಾವ ಹೊಲದಾಗ ಅನ್ನೋದೂ ಅದ. ಎಷ್ಟೋ ಜೋಡಿ ಬ್ಯಾರೆ ಬ್ಯಾರೆ ಹೊಲದಾಗ ಇರತಿದ್ರು. ಕೂಸಿನ್ನ ಎದಿಗೆ ಅವಚಿಕೊಂಡು ನಿಂತ ನನಗ ಅದನ್ನ ಕೇಳಿ ಗಂಟಲ ಕಟ್ಟಿ ಬಂತು.

ಅವರಿಗೆ ಬೈಯೂದು ಸಸಾರ. ಮನಿಗೆ ಬಂದು ನಮ್ಮಜ್ಜನ ಲೆಕ್ಕದ ವಹಿ ನೆನಪಾತು. ಸುಗ್ಗಿಯೊಳಗ ನಮ್ಮ ಕಣದಾಗ ಕಾಳು ತೂರಿ, ಹಸನು ಮಾಡಿ ಕೊಡತಿದ್ದ ಹೆಣ್ಮಕ್ಕಳ ಹೆಸರು ಅದರಾಗಿಲ್ಲ. "ಹೆಣ್ಣಾಳು 6" ಅಂತ ಅಷ್ಟ ಅದ. ಅವ್ವಗ ಫೋನ್ ಹಚ್ಚಿ ಕೇಳಿದೆ. ಇಬ್ಬರ ಹೆಸರು ಹೇಳಿದ್ಲು, ಉಳಿದವರದು ನೆನಪಾಗ್ಲಿಲ್ಲ.

ಅಕ್ಕಾರ, ವೈನಿ, ನಿಮ್ಮ ಮನ್ಯಾಗ ಹಿರ್ಯಾರು ಇದ್ರ ಇವತ್ತ ಕೇಳಿ ಬರದಿಡ್ರಿ.